ಏಣಿಯ ಮೇಲೆ ತಪಸ್ಸು ಕಾಲ

ಕಂಬ ತೂಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮುಂಡರಗಿ ಕಡೆಯ ಗುಡ್ಡದ ಸೆರಗಿನಲ್ಲಿ, ಗಾಳಿಯಿಂದ ಕರೆಂಟು ತೆಗೆಯುವ ಯಂತ್ರವೊಂದರ ನೆತ್ತಿಗೆ ಮೊದಲ ಸಲ ಏರಿದ್ದೆ. ಮೇಲಿನ ಮುಚ್ಚಳ ಸರಿಸಿ ತಲೆ ಹೊರಗೆ ಹಾಕಿದಾಗ ಕಾಲ ಕೆಳಗಿನ ನೆಲ ಮೆಲ್ಲಗೆ ಅತ್ತ ಹೋಗಿ ಇತ್ತ ಬಂತು. ಕೆಳಗಿನಿಂದ ನೋಡಿದರೆ ಬಂಡೆಯ ಹಾಗೆ ನಿಂತ ಉಕ್ಕಿನ ಕಂಬ ಅದು. ಮೇಲೆ ನಿಂತವನಿಗೆ ಲಂಗರು ಹಾಕಿದ ದೋಣಿ. ಅಭ್ಯಾಸದಿಂದ ಪಡುವಣಕ್ಕೆ ತಿರುಗಿದೆ. ಉಡುಪಿ ಕಡೆ ಶಿರ್ವದ ಆಸುಪಾಸಿನ ನಮ್ಮೂರಿನಲ್ಲಿ ಎತ್ತರದ ಗುಡ್ಡೆ ಹತ್ತಿದರೆ ಆ ಕಡೆ ಕಡಲಿನ ಒಂದು ಗೆರೆ ಕಾಣಬೇಕು. ಇಲ್ಲಿ ಕಂಡದ್ದು ಕಪ್ಪು ಹೊಲ, ಅದರಾಚೆ ಮತ್ತೆ ಕಪ್ಪು ಹೊಲ. ಇನ್ನೊಂದು ಬದಿಗೆ ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯ ಒಂದು ತುಂಡು ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು.

"ಹೆಂಗೈತಿ ನಮ್ಮ ಸೀಮಿ?" ಎಂದ ಬೆನ್ನ ಹಿಂದಿದ್ದ ದಾವಲ್ ಭಾಯ್. ಲಕ್ಷ್ಮೇಶ್ವರದವನು, ನನಗಿಂತ ಕೆಲವು ವರ್ಷ ದೊಡ್ಡವನು, ಈ ಕೆಲಸದಲ್ಲಿ ನನ್ನ ಜೊತೆಗಾರ.

"ಇದು ಆಡುತ್ತದಲ್ಲ ಮಾರಾಯ!"

"ಆಡಬೇಕು. ಗಾಳಿ ಬಂದಾಗ ಬಗ್ಗಲಿಲ್ಲ ಅಂದ್ರ ಮುರದು ಬೀಳತೈತಿ."

ಅವನು ನಕ್ಕ. ನಾನೂ ನಕ್ಕೆ. ನನ್ನ ನಗು ಸುಳ್ಳು ಎಂದು ನನಗೆ ಗೊತ್ತಿತ್ತು.

ಊರಿನಲ್ಲಿ ಕೇಳುವವರಿಗೆಲ್ಲ ನಾನು "ವಿಂಡ್ ಮಿಲ್ ಟೆಕ್ನಿಶಿಯನ್" ಎಂದು ಹೇಳಿಕೊಂಡು ಬಂದಿದ್ದೆ. ಇಲ್ಲಿಯ ಜನ ಅಷ್ಟು ದೊಡ್ಡ ಯಂತ್ರಕ್ಕೆ ಸುಮ್ಮನೆ "ಫ್ಯಾನ್" ಎನ್ನುತ್ತಾರೆ. "ನೀವು ಫ್ಯಾನಿನ ಕೆಲಸದವರೇನ್ರಿ?" ಎಂದು ಕೇಳಿಯೇ ಬೆಟಗೇರಿಯ ನೀಲವ್ವ ನಮಗೆ ಮನೆ ಕೊಟ್ಟದ್ದು. ಗದಗ-ಬೆಟಗೇರಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಊರುಗಳಲ್ಲಿ ನಮಗೆ ಸಿಕ್ಕಿದ್ದು ಬೆಟಗೇರಿಯ ಒಂದು ಓಣಿ. ನಮ್ಮ ಕಡೆ ಓಣಿ ಎಂದರೆ ಎರಡು ಹಿತ್ತಿಲುಗಳ ನಡುವಿನ, ಎರಡೂ ಬದಿಗೆ ಪಾಚಿ ಹಿಡಿದ ಗೋಡೆಯ ಕಾಲುದಾರಿ. ಇಲ್ಲಿ ಓಣಿ ಎಂದರೆ ಮನೆಗೆ ಮನೆ ಅಂಟಿಕೊಂಡ ಬೀದಿ. ಒಂದು ಮನೆಯಲ್ಲಿ ಮಗ್ಗ ಹೊಡೆದರೆ ಪಕ್ಕದ ಮನೆಯ ಗೂಟದಲ್ಲಿ ತೂಗುಹಾಕಿದ ಜರಡಿ ನಡುಗುತ್ತದೆ.

ನೀಲವ್ವ ಹಾಕಿದ ಷರತ್ತು ಒಂದೇ. "ಮೀನ ಕುದಸಂಗಿಲ್ಲ ನೋಡ್ರಿ, ಮಾಂಸಾನೂ ಇಲ್ಲ. ಉಳದದ್ದ ಏನರೆ ಮಾಡಕೊಳ್ರಿ."

ನನ್ನ ಹೆಂಡತಿ ಐರಿನ್ ತಲೆಯಾಡಿಸಿದಳು. ಬಂಗುಡೆ ಮೀನಿನ ಪರಿಮಳ ಇಲ್ಲದೆ ಒಂದು ವಾರ ಕಳೆದವಳಲ್ಲ ಅವಳು. ಮೊದಲ ತಿಂಗಳು ಅವಳು ಅತ್ತದ್ದು ಮೀನಿಗಲ್ಲ, ನೀರಿಗೆ. ನಮ್ಮ ಬಾವಿಯಲ್ಲಿ ಮೇ ತಿಂಗಳಲ್ಲೂ ಕೊಡ ಮುಳುಗುತ್ತದೆ. ಇಲ್ಲಿ ನಲ್ಲಿಗೆ "ನಳ" ಎನ್ನುತ್ತಾರೆ. "ನಳ ಬಂತ!" ಎಂದು ಯಾರೋ ಕೂಗಿದರೆ ಇಡೀ ಓಣಿ ಕೊಡ, ಬಕೀಟು, ಪೀಪಾಯಿ ಹಿಡಿದು ಓಡುತ್ತದೆ, ಮತ್ತೆ ಎಷ್ಟೋ ದಿನ ಅದರ ಸುದ್ದಿ ಇಲ್ಲ. ಹಾಗೆ ಓಡಿ ಬಂದು, ಹೆಂಗಸರ ನಡುವೆ ಜಾಗ ಮಾಡಿಕೊಂಡು, ಮೊದಲ ಸಲ ಪೀಪಾಯಿ ತುಂಬಿಸಿದ ದಿನ ಐರಿನ್ ನನಗೆ ಕೆಲಸದ ಜಾಗಕ್ಕೇ ಫೋನ್ ಮಾಡಿ ಹೇಳಿದ್ದಳು. ಅಷ್ಟು ಸಂತೋಷದ ದನಿ ನಾನು ಕೇಳಿ ಬಹಳ ದಿನವಾಗಿತ್ತು.

ಆಮೇಲೆ ಮಗಳು ಹುಟ್ಟಿದಳು. ಊರಿನಲ್ಲಿ ಹೆರಿಗೆ ಮುಗಿಸಿಕೊಂಡು ಐರಿನ್ ಬೆಟಗೇರಿಗೆ ಮರಳಿದಾಗ ನೀಲವ್ವ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಾನೇ ಎಣ್ಣೆ ತಿಕ್ಕಿ ನೀರು ಎರೆದಳು. ಎಲ್ಲವೂ ಸರಿಯಾಗಿತ್ತು. ಸರಿ ಇಲ್ಲದ್ದು ನಾನೊಬ್ಬನೇ.

ಅಲ್ಲಿಯವರೆಗೆ ಹೆದರಿಕೆ ಎನ್ನುವುದು ಮೇಲೆ ತಲುಪಿದಾಗ ಬರುತ್ತಿತ್ತು, ಕೆಳಗಿಳಿದಾಗ ಹೋಗುತ್ತಿತ್ತು. ಮಗಳು ಬಂದ ಮೇಲೆ ಅದು ಮನೆಗೂ ಬಂತು. ಬೆಳಿಗ್ಗೆ ಶೂ ಕಟ್ಟುವಾಗ ಬೆರಳು ತಣ್ಣಗಾಗುತ್ತಿತ್ತು. ಊಟಕ್ಕೆ ಕುಳಿತಾಗ, ಬಸ್ಸಿನಲ್ಲಿ, ಅಂಗಡಿಯ ಮುಂದೆ ಮಂಡಕ್ಕಿಯ ಗಿರಮಿಟ್ ತಿನ್ನುತ್ತ ನಿಂತಾಗ ಕಂಬದೊಳಗಿನ ಏಣಿಯೇ ಕಣ್ಣ ಮುಂದೆ ಬರುತ್ತಿತ್ತು. ಬೀಳದಂತೆ ಕಟ್ಟಿಕೊಳ್ಳುವ ಬೆಲ್ಟಿನ ಹುಕ್ಕು ಹಾಕಿದ್ದೇನೆಯೇ ಎಂದು ಏಣಿಯ ಮೇಲೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನಮ್ಮ ಕಡೆ "ಹೆದರಿಕೆ" ಎನ್ನುವುದಕ್ಕೆ ಇಲ್ಲಿ "ಅಂಜಿಕಿ" ಎನ್ನುತ್ತಾರೆ. ನನಗೆ ಆ ಮಾತು ಬಾಯಿಪಾಠವಾಗಿತ್ತು, ಆದರೆ ನನ್ನ ವಿಷಯವಾಗಿ ಒಮ್ಮೆಯೂ ಆಡಿರಲಿಲ್ಲ.

ಹೀಗಿರುವಾಗ ತಪಸ್ಸು ಕಾಲ ಬಂತು.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು: ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತ ಇದು. ನಮ್ಮ ಕೊಂಕಣಿಯಲ್ಲಿ "ಕರೆಜ್ಮ್". ಯೇಸು ಸ್ವಾಮಿ ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ನೆನಪು. ಊರಿನಲ್ಲಿ ನನಗೆ ಅದು ಗೇರುಹಣ್ಣಿನ ವಾಸನೆಯ ಕಾಲ. ಶುಕ್ರವಾರ ಮಾಂಸವಿಲ್ಲ, ಆದರೆ ಮೀನಿಗೆ ಅಡ್ಡಿಯಿಲ್ಲ. ಹಾಗಾಗಿ ಮಾಯ್, ಅಂದರೆ ನನ್ನ ಅಮ್ಮ, ಶುಕ್ರವಾರವೇ ಒಳ್ಳೆಯ ಮೀನು ಕೊಳ್ಳುತ್ತಿದ್ದಳು. ಬಂಗುಡೆ ಸಾರಿನಲ್ಲಿ ಕುಚ್ಚಲಕ್ಕಿ ಅನ್ನ ಕಲಸಿಕೊಂಡು ನಾವು ತಪಸ್ಸು ಮಾಡುತ್ತಿದ್ದೆವು! ಬೆಟಗೇರಿಯಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ವರ್ಷವಿಡೀ ರೊಟ್ಟಿ, ಕಾಳುಪಲ್ಯ, ಬದನೆಕಾಯಿ. ಇನ್ನು ಏನನ್ನು ಬಿಡುವುದು?

ವ್ರತ ಶುರುವಾಗುವ ವಿಭೂತಿ ಬುಧವಾರದ ಸಂಜೆ ಗದಗಿನ ನಮ್ಮ ಸಣ್ಣ ಚರ್ಚಿಗೆ ಹೋದೆವು. ಊರಿನ ಇಗರ್ಜಿಯಲ್ಲಿ ಆ ದಿನ ಹೊರಗೆ ಚಪ್ಪರದವರೆಗೂ ಜನ. ಇಲ್ಲಿ ರೈಲ್ವೆಯ ಕೆಲವು ತಮಿಳು ಮನೆಯವರು, ಕೇರಳದ ನರ್ಸುಗಳು, ನಾವು. ಗುರುಗಳು ಸಾಲಿನಲ್ಲಿ ಒಬ್ಬೊಬ್ಬರ ಹಣೆಯ ಮೇಲೂ ಬೂದಿಯಿಂದ ಶಿಲುಬೆ ಎಳೆದು, ನಾವು ಮಣ್ಣು, ಮತ್ತೆ ಮಣ್ಣೇ ಆಗುವವರು ಎಂಬುದನ್ನು ನೆನಪಿಸಿದರು. ಬಾಲ್ಯದಿಂದ ಕೇಳಿದ ಮಾತು. ಆ ದಿನ ಮಾತ್ರ ಹೆಬ್ಬೆರಳು ಹಣೆಗೆ ತಾಗಿದಾಗ ಅದು ನನಗೊಬ್ಬನಿಗೇ ಹೇಳಿದ ಹಾಗೆ ಕೇಳಿಸಿತು. ಮರುದಿನ ಬೆಳಿಗ್ಗೆ ನಾನು ಏರಬೇಕಿತ್ತು.

ಮನೆಗೆ ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದ ನೀಲವ್ವ ನನ್ನ ಹಣೆಯನ್ನೇ ನೋಡಿದಳು. ಅವಳ ಹಣೆಯಲ್ಲಿ ದಿನವೂ ಬೆಳ್ಳಗೆ ಮೂರು ಗೆರೆ.

"ನೀವೂ ವಿಭೂತಿ ಹಚ್ಚತೀರಿ ತಮ್ಮಾ? ಇದ್ಯಾಕ ಕರ್ರಗ?"

"ಹೌದಮ್ಮ, ವರ್ಷಕ್ಕೊಮ್ಮೆ."

"ಯಾಕಂತ?"

"ಒಂದು ದಿನ ಸಾಯುತ್ತೇವೆ ಅಂತ ನೆನಪು ಮಾಡಲಿಕ್ಕೆ."

ಅವಳು ಐರಿನ್‌ಳ ತೋಳಿನಲ್ಲಿದ್ದ ಮಗುವನ್ನು ಬಾಚಿ ತನ್ನ ಸೆರಗಿನೊಳಗೆ ಎಳೆದುಕೊಂಡಳು. "ಅಯ್ಯ ಶಿವನ, ಕೂಸಿನ ಮುಂದ ಅಂಥಾ ಮಾತ ಆಡಬ್ಯಾಡ್ರಿ!"

ಮುಖ ತೊಳೆದುಕೊಂಡೆ. ಬೂದಿ ಹೋಯಿತು.

ಆ ದಿನದಿಂದ ಮಧ್ಯಾಹ್ನದ ಊಟ ಬಿಟ್ಟೆ. ಚರ್ಚು ಅಷ್ಟು ಕೇಳುವುದಿಲ್ಲ; ಎರಡೇ ದಿನ ಕಡ್ಡಾಯದ ಉಪವಾಸ. ನಾನು ದಿನವೂ ಮಾಡಿದೆ. ಆ ವರ್ಷ ರಮ್ಜಾನ್ ತಿಂಗಳೂ ಅದೇ ವಾರ ಶುರುವಾಗಿತ್ತು. ನಮ್ಮ ಕೆಲಸದಲ್ಲಿ ಗಾಳಿ ಕಡಿಮೆ ಇರುವ ಈ ತಿಂಗಳುಗಳಲ್ಲೇ ದುರಸ್ತಿ ಜಾಸ್ತಿ. ಕಂಬದ ನೆರಳಿನಲ್ಲಿ ಉಳಿದವರು ಬುತ್ತಿ ಬಿಚ್ಚಿದಾಗ ನಾವಿಬ್ಬರೂ ಜೀಪಿನ ಆಚೆ ಬದಿಗೆ ಕುಳಿತುಕೊಳ್ಳುತ್ತಿದ್ದೆವು. ದಾವಲ್ ಭಾಯ್ ನೀರೂ ಕುಡಿಯುತ್ತಿರಲಿಲ್ಲ. ಅವನ ಮುಂದೆ ಬಾಟಲಿ ಎತ್ತಲು ನನಗೆ ಮುಜುಗರ.

"ಕುಡಿಯೋ, ನಿಮಗ ನೀರ ನಡೀತೈತಲ್ಲ," ಎನ್ನುತ್ತಿದ್ದ. "ಖರೆ ಹೇಳು, ನೀ ಯಾರ ಸಲುವಾಗಿ ಹಿಡದಿ ಈ ಉಪಾಸ?"

"ದೇವರಿಗೆ."

"ದೇವ್ರಿಗೆ ನಿನ್ನ ರೊಟ್ಟಿ ಏನಾಗಬೇಕಾಗಿತ್ತೋ!"

ನಿಜವಾದ ಉತ್ತರ ಕೊಟ್ಟದ್ದು ಒಂದು ಶುಕ್ರವಾರ, ನಮ್ಮ ಗುರುಗಳಿಗೆ. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಅವರು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಶಿರಹಟ್ಟಿ ಕಡೆಯವರು, ಮಾತು ಪೂರ್ತಿ ಇಲ್ಲಿಯದೇ. ನಾನೂ ಕೈ ಹಾಕಿದೆ.

"ಉಪಾಸ ಹೆಂಗ ನಡದೈತಿ, ವಿಲ್ಲಿಯವರ?"

"ಮಧ್ಯಾಹ್ನ ಬಿಟ್ಟಿದ್ದೇನೆ ಫಾದರ್. ದಿನಾ."

"ದಿನಾ? ಯಾಕ?"

ಸುಳ್ಳು ಹೇಳಬಹುದಿತ್ತು. "ಮೇಲಿಂದ ಬೀಳದಿರಲಿ ಅಂತ," ಎಂದುಬಿಟ್ಟೆ.

ಅವರು ಕುರ್ಚಿ ಕೆಳಗಿಟ್ಟು ಅದರ ಮೇಲೆ ಕುಳಿತರು. ನಗಲಿಲ್ಲ. "ಅಂದ್ರ ದೇವರ ಜೋಡಿ ವ್ಯಾಪಾರಕ್ಕ ಕುಂತೀರಿ. ಹಸಿವು ಕೊಟ್ಟು ಜೀವ ಇಸಗೊಳ್ಳೋದು."

"ಮತ್ತೇನು ಮಾಡಲಿ? ಹೆದರಿಕೆ ಹೋಗುವುದಿಲ್ಲ."

"ಹೋಗಬೇಕು ಅಂತ ಯಾರ ಹೇಳ್ಯಾರ? ಶಿಲುಬಿಗೆ ಏರಸಾಕ ಹಿಡಕೊಂಡ ಹೋಗೂ ಮೊದಲ, ಪ್ರಾರ್ಥನಾಕ್ಕ ಹ್ವಾದ ತೋಟದಾಗ ಯೇಸು ಸ್ವಾಮಿ ಯಾಕ ಬೆವತಾ? ಅಂಜಿ. ದೇವರ ಮಗ ಅಂಜಿ ನೆಲಕ್ಕ ಬಿದ್ದಾ. ಆಗ ತನ್ನ ಜೋಡಿ ಇದ್ದ ಶಿಷ್ಯರಿಗೆ ಏನ ಕೇಳಿದಾ? ನನ್ನ ಉಳಸ್ರಿ ಅಂದನೇನು? ಇಲ್ಲ. ಒಂದೀಟು ನನ್ನ ಜೋಡಿ ಎಚ್ಚರ ಇರ್ರಿ ಅಂದಾ, ಅಷ್ಟ. ಅವರು ನಿದ್ದಿ ಹೋದ್ರು." ಇನ್ನೊಂದು ಕುರ್ಚಿಯನ್ನು ನನ್ನ ಕಡೆ ಸರಿಸಿ ಹೇಳಿದರು: "ಈ ತಪಸ್ಸು ಕಾಲದಾಗ ನಾವು ಕಲಿಯೂದು ಅದನ್ನ. ಅಂಜಿದವರ ಹತ್ತರ ಎಚ್ಚರ ಇರೂದು. ಹೊಟ್ಟಿ ತುಂಬಿದವಗ ನಿದ್ದಿ ಬರತೈತಿ ನೋಡ್ರಿ, ಅದಕ್ಕ ಉಪಾಸ."

ಬೀಳುವುದಿಲ್ಲ ಎಂದು ಯಾರಾದರೂ ಧೈರ್ಯ ಹೇಳಲಿ ಎಂದು ನಾನು ಹೋದದ್ದು. ಅವರು ಅದನ್ನು ಹೇಳಲಿಲ್ಲ. ಹೋದಷ್ಟೇ ಹೆದರಿಕೆ ಹೊತ್ತುಕೊಂಡು ಮನೆಗೆ ಬಂದೆ.

ರಮ್ಜಾನ್ ಮುಗಿಯುವ ವಾರ. ಗುಡ್ಡದ ಬುಡದ ಒಂದು ಕಂಬದಲ್ಲಿ ಎಣ್ಣೆ ಸೋರುತ್ತಿತ್ತು. ರೋಜಾ ಉಪವಾಸ ಇದ್ದಾಗ ಏರಬೇಡ ಎಂದು ನಮ್ಮ ಎಂಜಿನಿಯರು ದಾವಲ್ ಭಾಯ್‌ಗೆ ಹೇಳಿದ್ದರು. ತಂಪು ಹೊತ್ತಿನಲ್ಲಿ ಏರಿ ಮಧ್ಯಾಹ್ನದೊಳಗೆ ಇಳಿಯುತ್ತೇನೆ ಎಂದು ಅವನು ಒಪ್ಪಿಸಿದ್ದ. ಆ ದಿನ ಕೆಲಸ ಸಂಜೆಯವರೆಗೆ ಹಿಡಿಯಿತು. ಕಂಬದ ತಲೆಯ ಮೇಲೆ ಯಂತ್ರ ಇಟ್ಟ ಕೋಣೆಯೊಂದಿರುತ್ತದೆ, ಬಗ್ಗಿಯೇ ಓಡಾಡಬೇಕು. ಬಿಸಿಲಿಗೆ ಕಾದು ಒಲೆಯಾಗಿತ್ತು. ದಾವಲ್ ಭಾಯ್‌ನ ತುಟಿ ಒಣಗಿ ಬಿರಿದಿತ್ತು. ಎಣ್ಣೆ ಒರೆಸುವ ಬಟ್ಟೆಯಿಂದಲೇ ಬೆವರು ಒರೆಸಿಕೊಂಡು ಕೆನ್ನೆ ಕಪ್ಪಾಗಿತ್ತು.

ಕೊನೆಯ ಬೋಲ್ಟು ಬಿಗಿಯುವಾಗ ಕೋಣೆಯೊಳಗೆ ಬೆಳಕು ಇಳಿಯಿತು. ಮುಚ್ಚಳ ಸರಿಸಿ ನೋಡಿದರೆ ಹೊಳೆಯ ಕಡೆಯಿಂದ ಮೋಡ ಎದ್ದಿತ್ತು. ಊರಿನಲ್ಲಿ ಮಳೆ ದಿನಗಟ್ಟಲೆ ಮುನ್ಸೂಚನೆ ಕೊಟ್ಟು ಬರುತ್ತದೆ. ಇಲ್ಲಿ ಅದು ಒಂದು ಗೋಡೆಯ ಹಾಗೆ ಎದ್ದು ಹೊಲಗಳ ಮೇಲೆ ನಡೆದುಕೊಂಡೇ ಬರುತ್ತಿತ್ತು, ಮುಂದೆ ಕೆಂಪು ಧೂಳು, ಹಿಂದೆ ಕತ್ತಲೆ. ಆ ಕತ್ತಲೆಯೊಳಗೆ ಮಿಂಚು.

ವಾಕಿಟಾಕಿಯಲ್ಲಿ ಕೆಳಗಿದ್ದವರು ಕೂಗಿದರು. "ಜಲ್ದಿ ಇಳೀರಿ! ಸಿಡ್ಲ ಬರಾಕತ್ತೈತಿ!"

ಕಂಬದೊಳಗೆ ಒಂದೇ ಏಣಿ. ಅಲ್ಲಲ್ಲಿ ನಿಲ್ಲಲು ಕಬ್ಬಿಣದ ಅಟ್ಟ. ಒಂದು ಅಟ್ಟದಿಂದ ಇನ್ನೊಂದಕ್ಕೆ ಒಬ್ಬನು ಮುಟ್ಟಿದ ಮೇಲೆಯೇ ಇನ್ನೊಬ್ಬ ಇಳಿಯಬೇಕು. "ಮೊದಲ ನೀ ನಡಿ," ಎಂದ ದಾವಲ್ ಭಾಯ್.

ಹುಕ್ಕು ಹಾಕಿಕೊಂಡು ಇಳಿಯತೊಡಗಿದೆ. ಮೊದಲ ಅಟ್ಟ ದಾಟಿ ಎರಡನೆಯದಕ್ಕೆ ಇಳಿಯುವಾಗ ಲೈಟು ಹೋಯಿತು. ಗೋಡೆಯ ಮೇಲಿನ ಪುಟ್ಟ ತುರ್ತುದೀಪ ಹತ್ತಿಕೊಂಡಿತು. ಅದರ ಬೆಳಕು ಎರಡು ಮೂರು ಮೆಟ್ಟಿಲಿಗಿಂತ ಕೆಳಗೆ ಹೋಗುತ್ತಿರಲಿಲ್ಲ. ಅದೇ ಗಳಿಗೆಯಲ್ಲಿ ಗುಡುಗಿತು. ನೀವು ಗುಡುಗನ್ನು ಆಕಾಶದಲ್ಲಿ ಕೇಳಿದ್ದೀರಿ. ಉಕ್ಕಿನ ಕೊಳವೆಯೊಳಗೆ ಅದು ಬೇರೆ. ಮೇಲಿನಿಂದ ಬರಲಿಲ್ಲ, ಏಣಿಯ ಮೂಲಕ ನನ್ನ ಅಂಗೈಯೊಳಗಿಂದ ಎದೆಗೆ ಬಂತು. ಕಂಬ ತೂಗಿತು. ಕೆಳಗೆ ನೋಡಿದೆ. ನೋಡಬಾರದಿತ್ತು.

ಆಮೇಲೆ ನನ್ನ ಕೈ ನನ್ನದಾಗಿರಲಿಲ್ಲ.

ಮೆಟ್ಟಿಲನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಬಲಗೈ ಬಿಡು ಎಂದು ಮನಸ್ಸಿಗೆ ಹೇಳಿದೆ, ಕೈ ಕೇಳಲಿಲ್ಲ. ಎಡಗೈ ಎಂದೆ, ಅದೂ ಇಲ್ಲ. ಹಲ್ಲು ಕಟಕಟನೆ ಬಡಿಯುತ್ತಿತ್ತು. ಬೀಳುತ್ತೇನೆಂಬ ಹೆದರಿಕೆಯೂ ಆಗ ಇರಲಿಲ್ಲ. ನಾನಿಲ್ಲಿ ನಿಂತರೆ ನನ್ನ ಮೇಲಿರುವವನು ಇಳಿಯಲಾರ ಎನ್ನುವುದು ಗೊತ್ತಿತ್ತು. ಗೊತ್ತಿದ್ದೂ ಕೈ ಬಿಡಲಾಗಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆಯನ್ನು ನಾನು ಕಂಡಿಲ್ಲ.

"ವಿಲ್ಲಿ! ಯಾಕ ನಿಂತಿ?"

"ಕೈ ಬಿಡಲಿಕ್ಕೆ ಆಗುವುದಿಲ್ಲ."

"ಬೆಲ್ಟ ಸಿಕ್ಕೊಂಡೈತೇನು?"

"ಇಲ್ಲ. ಕೈ. ನನ್ನ ಕೈ."

ದಾವಲ್ ಭಾಯ್ ಆಗ ಮೊದಲ ಅಟ್ಟದಲ್ಲಿದ್ದ. ಮಿಂಚಿನ ಹೊತ್ತಿನಲ್ಲಿ ಏಣಿ ಮುಟ್ಟಬಾರದು, ಅಟ್ಟದ ನಡುವೆ ಕಾಲು ಜೋಡಿಸಿ ಕುಳಿತುಬಿಡಬೇಕು ಎಂದು ನಮಗಿಬ್ಬರಿಗೂ ಕಲಿಸಿದ್ದರು. ಅವನು ಅಲ್ಲೇ ಕುಳಿತುಕೊಳ್ಳಬಹುದಿತ್ತು. ಅವನಿಗೆ ಅದೇ ಕ್ಷೇಮ. ಸ್ವಲ್ಪ ಹೊತ್ತಿನಲ್ಲಿ ಹುಕ್ಕು ಹಾಕಿಕೊಳ್ಳುವ ಸದ್ದು ಕೇಳಿಸಿತು, ಆಮೇಲೆ ಮೆಟ್ಟಿಲ ಮೇಲೆ ಶೂ ಇಳಿಯುವ ಸದ್ದು. ಅವನ ಶೂಗಳು ನನ್ನ ತಲೆಯ ಮೇಲೆ ಬಂದು ನಿಂತವು.

"ಯಾಕೆ ಬಂದೆ? ಮೇಲೆ ಹೋಗು!" ಎಂದು ಕಿರುಚಿದೆ.

"ಸುಮ್ಮನಿರು. ನನಗೂ ಅಂಜಿಕಿ ಆಗೇತಿ. ತೊಡಿ ನಡಗಾಕತ್ತಾವ. ಒಬ್ಬನ ಕುಂತ್ರ ನಾ ಸತ್ತ ಹೋಗತೀನಿ."

ಆ ಮಾತು ಕೇಳಿ ನನ್ನ ಹಲ್ಲು ಬಡಿಯುವುದು ನಿಂತಿತು. ಇಷ್ಟು ದಿನ ಈ ಏಣಿಯ ಮೇಲೆ ನಾನೊಬ್ಬನೇ ಅಂಜುಬುರುಕ ಎಂದುಕೊಂಡಿದ್ದೆ.

"ಖರೆ ಹೇಳ್ತೀಯ?"

"ಮುಂಜಾನಿಂದ ಬಾಯಾಗ ಉಗುಳಿಲ್ಲ, ಸುಳ್ಳ ಎಲ್ಲಿಂದ ತರ್ಲಿ?"

ಮತ್ತೆ ಗುಡುಗಿತು. "ಮಾಯ್," ಎಂದೆ. ಪ್ರಾರ್ಥನೆ ಎಂದು ಬಂದದ್ದು ಅದೊಂದೇ ಮಾತು.

"ಏನಂದಿ?"

"ಅಮ್ಮ ಅಂದೆ."

"ನಮ್ಮವ್ವ ಇಷ್ಟೊತ್ತಿಗೆ ಗಂಜಿ ಕುದಿಯಾಕ ಇಟ್ಟಿರತಾಳ. ನನ್ನ ಹಾದಿ ಕಾಯತಾಳ." ಅವನ ದನಿ ನಡುಗುತ್ತಿತ್ತು. "ವಿಲ್ಲಿ, ಕೈ ಬ್ಯಾಡ. ಕೈ ಮರತಬಿಡು. ಕಾಲ ಅಷ್ಟ. ಒಂದ ಕಾಲ ಕೆಳಗ ಇಡು. ಇಟ್ಟಿಯೇನು?"

ಬಲಗಾಲು ಮೆಲ್ಲಗೆ ಜಾರಿಸಿದೆ. ಶೂ ಮೆಟ್ಟಿಲಿಗೆ ತಾಗಿತು.

"ಇಟ್ಟೆ."

"ನಾನೂ ಇಡತೀನಿ. ಹಂಗ ಇನ್ನೊಂದು."

ಕಾಲಿನ ಹಿಂದೆ ಕೈ ತಾನಾಗಿ ಸಡಿಲವಾಯಿತು, ಮತ್ತೆ ಹಿಡಿಯಿತು. ಹೀಗೆ ಇಳಿದೆವು. ನಾನು "ಇಟ್ಟೆ" ಎನ್ನುವುದು, ಅವನು "ಆತು" ಎನ್ನುವುದು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಹೊರಗೆ ಮಳೆ ಉಕ್ಕಿನ ಮೇಲೆ ಕಲ್ಲು ಸುರಿದ ಹಾಗೆ ಬೀಳುತ್ತಿತ್ತು. ನಡುವೆ ಒಂದು ಸಲ ಇಡೀ ಕೊಳವೆ ಕಿವಿ ಕಿವುಡಾಗುವಂಥ ಶಬ್ದಕ್ಕೆ ನಡುಗಿತು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಿತ್ತು. ಇಬ್ಬರೂ ಕೂಗಿದೆವು. ನಾನು ಯೇಸುವನ್ನು, ಅವನು ಅಲ್ಲಾಹುವನ್ನು. ಆಮೇಲೆ ಅವನೇ ಮೊದಲು ಮಾತಾಡಿದ. "ಅದಿಯೇನೋ?"

"ಇದ್ದೇನೆ."

"ಇಡು ಕಾಲು."

ನೆಲಕ್ಕೆ ಬಂದಾಗ ಬಾಗಿಲ ಹೊರಗೆ ಎರೆಮಣ್ಣು ಕೆಸರಾಗಿ ಹರಿಯುತ್ತಿತ್ತು. ಜೀಪಿನವರು ಓಡಿ ಬಂದರು. ನಾನು ಸಿಮೆಂಟಿನ ನೆಲದ ಮೇಲೆ ಅಂಗಾತ ಬಿದ್ದುಕೊಂಡೆ. ದಾವಲ್ ಭಾಯ್ ಬಾಗಿಲಲ್ಲಿ ಕುಳಿತು ಆಕಾಶದ ಅಂಚಿನ ಕಡೆ ನೋಡುತ್ತಿದ್ದ. ಹೊತ್ತು ಮುಳುಗಿತೆಂದು ಯಾರೋ ಫೋನ್ ನೋಡಿ ಹೇಳಿದರು. ಅವನು ಕಿಸೆಯಿಂದ ಖರ್ಜೂರದ ಪೊಟ್ಟಣ ತೆಗೆದ. ಮೊದಲ ಖರ್ಜೂರ ಬೆರಳಿನಿಂದ ಜಾರಿ ಕೆಸರಿಗೆ ಬಿತ್ತು. ಎದ್ದು ಹೋಗಿ ಇನ್ನೊಂದನ್ನು ನಾನೇ ಅವನ ಬಾಯಿಗಿಟ್ಟೆ, ಬಾಟಲಿ ಹಿಡಿದು ನೀರು ಕುಡಿಸಿದೆ. ಉಳಿದ ಖರ್ಜೂರವನ್ನು ಇಬ್ಬರೂ ತಿಂದೆವು.

"ಸಾಹೇಬ್ರಿಗೆ ಬೆಲ್ಟ ಸಿಕ್ಕೊಂಡಿತ್ತು ಅಂತ ಹೇಳೂಣು," ಎಂದ ಮೆಲ್ಲಗೆ. "ಯಾರಿಗೂ ಗೊತ್ತಾಗಂಗಿಲ್ಲ."

ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಮುಂದಿನ ಸಲ ನನ್ನ ತಲೆಯ ಮೇಲೆ ಇನ್ಯಾರೋ ಇರುತ್ತಾರೆ. ಮರುದಿನ ಎಂಜಿನಿಯರ ಮುಂದೆ ನಿಂತು, "ಹೆದರಿ ನಿಂತುಬಿಟ್ಟೆ ಸರ್, ಬೆಲ್ಟು ಸರಿ ಇತ್ತು," ಎಂದೆ. ಅವರು ಬೈಯಲಿಲ್ಲ. ಕೆಲವು ವಾರ ಕೆಳಗಿನ ಕೆಲಸ ಮಾಡು, ಆಮೇಲೆ ನೋಡೋಣ ಎಂದರು.

ಅದಕ್ಕಿಂತ ಕಷ್ಟವಾದದ್ದು ಐರಿನ್‌ಗೆ ಹೇಳುವುದು. ಅವಳು ಮಗುವಿಗೆ ಹಾಲು ಕುಡಿಸುತ್ತ ಪೂರ್ತಿ ಕೇಳಿಸಿಕೊಂಡಳು.

"ನೀನು ಶೂ ಕಟ್ಟುವಾಗ ನಾನು ಪಾಪುವನ್ನು ಎತ್ತಿಕೊಂಡು ಒಳಗೆ ಹೋಗುವುದು ಯಾಕೆ ಅಂದುಕೊಂಡಿದ್ದೀ?" ಎಂದಳು. "ನನ್ನ ಮುಖ ನಿನಗೆ ಕಾಣಬಾರದು ಅಂತ."

ಒಂದೇ ಮನೆಯಲ್ಲಿ, ಒಂದೇ ಹೆದರಿಕೆಯನ್ನು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೆವು. ಆ ಸಂಜೆ ಜಪಮಾಲೆ ಹೇಳಲು ಕುಳಿತಾಗ ಮೊದಲ ಸಲ ನಾವು ಏನನ್ನೂ ಬೇಡಲಿಲ್ಲ. ಸುಮ್ಮನೆ ಹೇಳಿದೆವು, ನಡುವೆ ಮಗು ಅತ್ತಿತು, ಎತ್ತಿಕೊಂಡೆವು, ಮತ್ತೆ ಮುಂದುವರಿಸಿದೆವು.

ಉಳಿದ ತಪಸ್ಸು ಕಾಲವನ್ನು ನಾನು ಕಂಬದ ಬುಡದಲ್ಲಿ ವಾಕಿಟಾಕಿ ಹಿಡಿದು ಕಳೆದೆ. ಈದ್ ಮುಗಿದು ದಾವಲ್ ಭಾಯ್ ಹೊಸ ಜೊತೆಗಾರನ ಸಂಗಡ ಏರುತ್ತಿದ್ದ. ಮೇಲೆ ಇರುವವನಿಗೆ ಕೈಗೆ ಕೆಲಸವಾದರೂ ಇರುತ್ತದೆ. ಕೆಳಗೆ ನಿಂತವನಿಗೆ ಕತ್ತೆತ್ತಿ ನೋಡುವುದಷ್ಟೇ. ಊಟದ ಹೊತ್ತಿನಲ್ಲಿ ಅವನು ಮೇಲಿದ್ದರೆ ನಾನು ಬುತ್ತಿ ಬಿಚ್ಚುತ್ತಿರಲಿಲ್ಲ. ವ್ರತ ಎಂದಲ್ಲ, ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಗುರುಗಳು ಕುರ್ಚಿಯ ಮೇಲೆ ಕುಳಿತು ಆಡಿದ ಮಾತು ನನಗೆ ಅರ್ಥವಾದದ್ದು ಅಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಾಗ. ನನ್ನ ಹೆದರಿಕೆ ಕಡಿಮೆಯಾಗಿರಲಿಲ್ಲ. ಅದು ನನ್ನೊಬ್ಬನ ಸುತ್ತ ತಿರುಗುವುದನ್ನು ಬಿಟ್ಟಿತ್ತು. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಬೆಲ್ಟು ಹಾಕಿಕೊಂಡು ಕೆಳಗಿನ ಅಟ್ಟದವರೆಗೆ ಏರಿದೆ, ಇಳಿದೆ. "ಅಂಜಿಕಿ ಆಗತೈತಿ," ಎಂದು ಕೆಳಗಿದ್ದವರಿಗೆ ಕೇಳುವ ಹಾಗೆಯೇ ಹೇಳಿದೆ.

ಈಸ್ಟರ್‌ಗೆ ರಜೆ ಸಿಕ್ಕಿತು. ಘಟ್ಟ ಇಳಿದು ಊರಿಗೆ ಬಂದೆವು. ಗಾಳಿಯಲ್ಲಿ ನೀರಿದೆ, ಬಾವಿಯಲ್ಲಿ ಕೊಡ ಮುಳುಗುತ್ತದೆ, ಇಗರ್ಜಿಯ ಹೊರಗೆ ಚಪ್ಪರದವರೆಗೂ ಜನ. ಪೂಜೆ ಮುಗಿದ ಮೇಲೆ ಕೈ ಕುಲುಕಿದವರೆಲ್ಲ ಇನ್ನೆಷ್ಟು ದಿನ ಆ ಬರಡು ಸೀಮೆಯಲ್ಲಿ ಎಂದು ಕೇಳಿದರು. ದೊಡ್ಡಪ್ಪನ ಮಗ ಉಡುಪಿಯಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಬಾ, ಇಬ್ಬರೂ ನೋಡಿಕೊಳ್ಳೋಣ, ನೆಲದ ಮೇಲಿನ ಕೆಲಸ ಎಂದ. ಮಾಯ್ ಅದನ್ನು ಕೇಳಿಸಿಕೊಂಡು ಹಗುರವಾದಳು. ಐರಿನ್ ಎದ್ದು ಹೊರಗೆ ಹೋದಳು. ಬಾವಿಕಟ್ಟೆಯ ಮೇಲೆ ಕುಳಿತು ನೀಲವ್ವನಿಗೆ ಫೋನ್ ಹಚ್ಚಿ, ಮಗುವಿಗೆ ಸ್ವಲ್ಪ ಕೆಮ್ಮು, ಏನು ಮಾಡಲಿ ಎಂದು ಕೇಳುತ್ತಿದ್ದಳು. ಬೆಟಗೇರಿಯಲ್ಲಿದ್ದಾಗ ಅಂಥದಕ್ಕೆಲ್ಲ ಮಾಯ್‌ಗೆ ಫೋನ್ ಮಾಡುತ್ತಿದ್ದವಳು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನನ್ನ ಫೋನ್ ರಿಂಗಾಯಿತು.

"ಹಬ್ಬ ಜೋರೇನಪಾ?" ದಾವಲ್ ಭಾಯ್.

"ಜೋರು. ನೀನೆಲ್ಲಿ?"

"ಫ್ಯಾನಿನ ಕೆಳಗ. ಎಣ್ಣಿ ಸೋರಿತ್ತಲ್ಲ, ಅದ ಫ್ಯಾನು. ಆ ದಿನ ಆದ ಮ್ಯಾಲೆ ಇವತ್ತ ಮೊದಲ ಸಲ ಇದನ್ನ ಏರಾಕತ್ತೀನಿ."

ನಮ್ಮ ಕೆಲಸಕ್ಕೆ ಭಾನುವಾರವಿಲ್ಲ. "ಮೋಡ ಇದೆಯಾ?" ಎಂದೆ.

"ಒಂದೀಟು ಐತಿ. ದೂರ."

"ಅಂಜಿಕಿ ಆಗತೈತೇನು?"

"ಆಗತೈತಿ. ಅದಕ್ಕ ಫೋನ ಮಾಡಿದೆ." ಆಮೇಲೆ, "ಇಳದ ಮ್ಯಾಲೆ ಹೇಳತೀನಿ," ಎಂದು ಇಟ್ಟ.

ಒಳಗೆ ಸಾನ್ನ ಬೇಯುವ ಹಬೆ. ಸೇಂದಿ ಹಾಕಿ ಹುದುಗಿಸಿದ ಆ ಮೆತ್ತನೆಯ ಇಡ್ಲಿ, ಮೇಲೆ ಮಾಂಸದ ಸಾರು. ನಲವತ್ತು ದಿನ ಎಲ್ಲರೂ ಕಾದ ಊಟ. ಬಡಿಸಿದರು. ನಾನು ಎಲೆಯ ಮುಂದೆ ಕುಳಿತೆ, ಕೈ ಹಾಕಲಿಲ್ಲ. ತಪಸ್ಸು ಕಾಲ ಮುಗಿಯಿತಲ್ಲ ಮಾರಾಯ, ಇನ್ನೆಂಥ ಉಪವಾಸ ಎಂದು ದೊಡ್ಡಪ್ಪನ ಮಗ ನಕ್ಕ. ಸ್ವಲ್ಪ ಹೊತ್ತಿನಲ್ಲಿ ಎದ್ದು ಅಂಗಳಕ್ಕೆ ಬಂದೆ. ತೆಂಗಿನ ಮರಗಳ ಮೇಲೆ ತಿಳಿ ಆಕಾಶ. ಅಲ್ಲಿಯ ಆಕಾಶ ಈಗ ಹೇಗಿದೆಯೋ, ಮೋಡ ಹತ್ತಿರ ಬಂತೋ, ಹೊಸ ಜೊತೆಗಾರ ಏಣಿಯಲ್ಲಿ ಅವನ ಕೆಳಗಿದ್ದಾನೋ ಮೇಲಿದ್ದಾನೋ. ಒಳಗೆ ಎಲ್ಲರ ಊಟ ಮುಗಿಯಿತು. ಐರಿನ್ ಮಗುವನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಮಗು ನನ್ನ ಫೋನನ್ನು ಎಳೆಯುತ್ತಿತ್ತು. ಬಿಡಲಿಲ್ಲ ನಾನು.

ಕೊನೆಗೆ ಅದು ರಿಂಗಾಯಿತು.

"ಇಳದ್ನೋ," ಎಂದ ದಾವಲ್ ಭಾಯ್. ಅಷ್ಟೇ.

ಉಸಿರು ಬಿಟ್ಟೆ. ಒಳಗೆ ಹೋಗಿ ಆರಿದ ಎಲೆಯ ಮುಂದೆ ಕುಳಿತೆ. ಮಾಯ್ ಸಾರನ್ನು ಮತ್ತೆ ಬಿಸಿಮಾಡಿ ತಂದಳು.

"ಯಾರದು ಫೋನು, ಇಷ್ಟು ಹೊತ್ತು ಕಾದದ್ದು?"

"ಮನೆಯಿಂದ," ಎಂದೆ.

ಅವಳ ಕೈಯ ಸೌಟು ನಿಂತಿತು. "ಮನೆ ಇದಲ್ಲವಾ?"

"ಇದೂ ಮನೆಯೇ ಮಾಯ್."

"ಇದೂ" ಎನ್ನುವಾಗಿನ ಆ "ಊ" ಅವಳಿಗೆ ಕೇಳಿಸಿತು. ನನ್ನ ಎಲೆಗೆ ಇನ್ನೊಂದು ಸೌಟು ಹಾಕಿದಳು.